ಹಾಲವ್ವ ಕುಡಿದ ಕಷಾಯ

ಶಿಷ್ಯ ಕೇಳಿದ: "ಗುರುಗಳೇ, ದಕ್ಷಿಣದ ಬೆಟ್ಟದಲ್ಲಿ ಕಾಡಿನ ಜನ ಬೇರಿನ ಕಷಾಯ ಕುಡಿಸಿ, ಹಾಡು ಹೇಳಿ, ಮನಸ್ಸಿನ ಕಾಯಿಲೆ ವಾಸಿ ಮಾಡುತ್ತಾರಂತೆ. ನನ್ನೊಳಗೆ ಸಿಟ್ಟು ತುಂಬಿಕೊಂಡಿದೆ. ಜಪಕ್ಕೆ ಕೂತರೂ ಹೋಗುವುದಿಲ್ಲ. ಅಲ್ಲಿಗೆ ಹೋಗಿ ಅದನ್ನು ಕಳೆದುಕೊಂಡು ಬರಲೇ?"

ಗುರುಗಳ ಮುಖ ಬಿಗಿಯಾಯಿತು. ಅವರು ಹೇಳಿದರು: "ಆ ಬೆಟ್ಟಕ್ಕೆ ಹೋದ ಒಬ್ಬ ಹೆಂಗಸಿನ ಕತೆ ನನಗೆ ಗೊತ್ತು. ಕೂತು ಕೇಳು."

ಒಂದು ಊರಿನಲ್ಲಿ ಒಬ್ಬ ಸುಣ್ಣದ ಭಟ್ಟಿಯ ಯಜಮಾನನಿದ್ದ. ಅವನಿಗೊಬ್ಬ ತಮ್ಮ. ಅಣ್ಣ ವ್ಯಾಪಾರ ನೋಡುತ್ತಿದ್ದ. ತಮ್ಮ ಆಳುಗಳ ಜೊತೆ ಭಟ್ಟಿಯ ಬಾಯಲ್ಲಿ ನಿಂತು ಸುಟ್ಟ ಸುಣ್ಣ ಹೊರಗೆಳೆಯುತ್ತಿದ್ದ. ತಮ್ಮನ ಹೆಂಡತಿ ಹಾಲವ್ವ.

ಭಟ್ಟಿಯ ಗೋಡೆ ಬಿರುಕು ಬಿಟ್ಟಿತು. ತಮ್ಮ ಹೋಗಿ ಅಣ್ಣನಿಗೆ ತಿಳಿಸಿದ. "ಈ ಸಲದ್ದು ಸುಟ್ಟು ಮುಗಿಯಲಿ, ಆಮೇಲೆ ನೋಡೋಣ" ಎಂದ ಅಣ್ಣ. ಅದು ಮುಗಿಯಿತು, ಇನ್ನೊಂದು ಶುರುವಾಯಿತು. ಊರೂರಲ್ಲಿ ಮನೆಗಳಿಗೆ ಸುಣ್ಣ ಬಳಿಯುವ ಕಾಲ ಅದು. ತಮ್ಮ ಮತ್ತೆ ಹೇಳಿದ. ಅಣ್ಣ ಅದೇ ಮಾತು ಆಡಿದ. ಒಂದು ಬೆಳಿಗ್ಗೆ ಗೋಡೆ ಕುಸಿದು, ಕಾದ ಕಲ್ಲು ತಮ್ಮನ ಮೇಲೆ ಬಿತ್ತು. ಹೊರಗೆ ಎಳೆದಾಗ ಅವನ ಗುರುತು ಸಿಗುವಂತಿರಲಿಲ್ಲ.

ಯಜಮಾನ ಊರವರಿಗೆ ಹೇಳಿದ: "ಕುಡಿದು ಬಂದಿದ್ದ. ಬೇಡವೆಂದರೂ ಒಳಗೆ ನುಗ್ಗಿದ." ತಮ್ಮ ಹೆಂಡ ಮುಟ್ಟಿದವನೇ ಅಲ್ಲ. ಆಳುಗಳಿಗೆ ಅದು ಗೊತ್ತಿತ್ತು. ಕೂಲಿ ಹೋಗುತ್ತದೆಂದು ಅವರು ಬಾಯಿ ಬಿಡಲಿಲ್ಲ. ತಿಥಿ ಮುಗಿದ ಮೇಲೆ ಯಜಮಾನ ಬಿದ್ದ ಗೋಡೆಗೆ ಮಣ್ಣು ಮೆತ್ತಿಸಿ, ಭಟ್ಟಿಗೆ ಮತ್ತೆ ಬೆಂಕಿ ಇಡಿಸಿದ.

ಹಾಲವ್ವ ಮೊದಲು ಅತ್ತಳು. ಆಮೇಲೆ ಭಟ್ಟಿಯ ಮುಂದೆ ನಿಂತು ಕೂಗತೊಡಗಿದಳು. ಹೊತ್ತು ಹುಟ್ಟಿದರೆ ಅಲ್ಲೇ ಇರುತ್ತಿದ್ದಳು. ಅನ್ನ ಸೇರುತ್ತಿರಲಿಲ್ಲ. ನಿದ್ದೆ ಹತ್ತುತ್ತಿರಲಿಲ್ಲ. ಕೈ ನಡುಗುತ್ತಿತ್ತು. ಅವಳ ಮಾತುಗಳು ಒಂದಕ್ಕೊಂದು ತೊಡರಿಕೊಂಡು, ಕೇಳುವವರಿಗೆ ಬೈಗುಳ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. "ಪಾಪ, ತಲೆ ಕೆಟ್ಟಿದೆ" ಎಂದು ಜನ ದಾಟಿ ಹೋಗುತ್ತಿದ್ದರು. ಯಜಮಾನನಿಗೆ ಇದು ಅನುಕೂಲವೇ ಆಗಿತ್ತು. ಆದರೆ ಸುಣ್ಣ ಕೊಳ್ಳಲು ಬಂದವರು ಅವಳ ಕೂಗಿಗೆ ಹೆದರಿ ಬೇರೆ ಭಟ್ಟಿಗೆ ಹೋಗತೊಡಗಿದರು. ಆಗ ಅವನಿಗೆ ಅವಳ ಆರೋಗ್ಯದ ಚಿಂತೆ ಹತ್ತಿತು.

ನೀನು ಹೇಳಿದ ಆ ಬೆಟ್ಟದಲ್ಲಿ ಬಯಲುಸೀಮೆಯವನೊಬ್ಬ ಶಿಬಿರ ಕಟ್ಟಿದ್ದ. ಕಷಾಯ ಕೊಡುವವಳು ಕಾಡಿನ ಮುದುಕಿ ಕೇತವ್ವ. ಜನರನ್ನು ಕರೆತರುವುದು, ಮಾತಾಡುವುದು ಇವನ ಕೆಲಸ. ವಿಚಾರಿಸಲು ಬಂದ ಯಜಮಾನನಿಗೆ ಇವನು ಭರವಸೆ ಕೊಟ್ಟ: "ಕರೆದುಕೊಂಡು ಬನ್ನಿ. ಸಿಟ್ಟೆಲ್ಲ ವಾಂತಿಯಾಗಿ ಹೋಗುತ್ತದೆ. ಹಸುವಿನ ಹಾಗೆ ಆಗಿಬಿಡುತ್ತಾಳೆ."

ಹಾಲವ್ವ ಬರುವುದಿಲ್ಲ ಎನ್ನಲಿಲ್ಲ. ಅವಳಿಗೆ ನಿದ್ದೆ ಬೇಕಿತ್ತು.

ಶಿಬಿರದಲ್ಲಿ ಕಷಾಯ ಕುಡಿಯುವವರು ಹಿಂದಿನ ದಿನ ಉಪವಾಸವಿದ್ದರು. ಬೆಳಿಗ್ಗೆ ಹಳ್ಳದಲ್ಲಿ ಮಿಂದು, ಬೆಂಕಿಯ ಸುತ್ತ ಕೂತರು. ಕೇತವ್ವ ಒಬ್ಬೊಬ್ಬರ ಮುಂದೆಯೂ ಕುಕ್ಕರಗಾಲಲ್ಲಿ ಕೂತು, ಕೈ ಹಿಡಿದು, ಏನು ನೋವೆಂದು ಕೇಳುತ್ತ ಬಂದಳು.

"ಕಣ್ಣು ಮುಚ್ಚಿದರೆ ಅವರು ಉರಿಯುತ್ತಾರೆ" ಎಂದಳು ಹಾಲವ್ವ.

ಹಿಂದೆ ನಿಂತಿದ್ದ ಯಜಮಾನ ಬಾಯಿ ಹಾಕಿದ: "ಸಿಟ್ಟು ಅಜ್ಜಿ. ಇವಳ ಕಾಯಿಲೆ ಅಂದರೆ ಸಿಟ್ಟೇ."

"ನಾನು ಇವಳನ್ನು ಕೇಳಿದೆ" ಎಂದಳು ಕೇತವ್ವ. ತಿರುಗಿಯೂ ನೋಡಲಿಲ್ಲ.

ಕಷಾಯ ವಿಪರೀತ ಕಹಿಯಾಗಿತ್ತು. ಹಾಲವ್ವ ಕುಡಿದಳು. ವಾಂತಿ ಮಾಡಿದಳು. ಮೈಯೆಲ್ಲ ನಡುಗಿತು. ಗಂಡನ ಹೆಸರು ಹಿಡಿದು ಕಿರುಚಿದಳು. ಕೇತವ್ವ ತನ್ನವರ ಮಾತಿನಲ್ಲಿ ಹಾಡುತ್ತ ಅವಳ ಬೆನ್ನು ನೀವಿದಳು. ಹಾಡು ನಿಲ್ಲಿಸಲಿಲ್ಲ, ಕೈ ತೆಗೆಯಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಹಾಲವ್ವ ಮುದುಕಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಮರುದಿನ ಎದ್ದು ತಾನಾಗಿಯೇ ಗಂಜಿ ಕೇಳಿದಳು. ಬಟ್ಟಲು ಹಿಡಿದ ಕೈ ನಡುಗಲಿಲ್ಲ.

ಯಜಮಾನ ಅದನ್ನು ನೋಡಿ ಹಿಗ್ಗಿದ.

ಶಿಬಿರದವನು ಎಲ್ಲರನ್ನೂ ಸುತ್ತ ಕೂರಿಸಿದ. ಯಾರು ಏನೇನು ಬಿಟ್ಟುಕೊಟ್ಟಿರಿ, ಹೇಳಿ ಎಂದ. ಒಬ್ಬ ತಂದೆಯ ಮೇಲಿನ ಕೋಪ ಬಿಟ್ಟೆ ಎಂದ. ಒಬ್ಬಳು ಸೊಸೆಯನ್ನು ಕ್ಷಮಿಸಿದೆ ಎಂದಳು. ಶಿಬಿರದವನು ತಲೆದೂಗಿದ. ಹಾಲವ್ವನ ಸರದಿ ಬಂತು. ಯಜಮಾನ ಮೃದುವಾಗಿ ಹೇಳಿದ: "ಹೇಳು ಹಾಲವ್ವ. ಆದದ್ದು ವಿಧಿ, ಯಾರ ತಪ್ಪೂ ಅಲ್ಲ ಅಂತ ಹೇಳು."

ಹಾಲವ್ವ ಅವನ ಕಡೆ ತಿರುಗಿದಳು. ದನಿ ಎತ್ತರಿಸಲಿಲ್ಲ.

"ಭಾವ, ಅವರು ಕುಡಿದಿರಲಿಲ್ಲ. ಗೋಡೆ ಬಿರುಕು ಬಿಟ್ಟಿದೆ ಎಂದು ನಿಮಗೆ ಹೇಳಿದ್ದರು. ಇನ್ನೊಮ್ಮೆಯೂ ಹೇಳಿದ್ದರು. ನೀವು ಸುಣ್ಣ ಮಾರಿದಿರಿ. ಅವರು ಸತ್ತ ಮೇಲೆ ಅವರಿಗೆ ಕುಡುಕನೆಂಬ ಹೆಸರು ಹಚ್ಚಿದಿರಿ. ಈಗ ಮಣ್ಣು ಮೆತ್ತಿದ ಗೋಡೆಯ ಕೆಳಗೆ ಬೇರೆಯವರ ಮಕ್ಕಳನ್ನು ನಿಲ್ಲಿಸಿದ್ದೀರಿ."

ಶಿಬಿರದವನಿಗೆ ಗಾಬರಿಯಾಯಿತು. "ಔಷಧಿ ಸಾಲಲಿಲ್ಲ. ಇನ್ನೊಂದು ಬಟ್ಟಲು ಕೊಡು" ಎಂದು ಮುದುಕಿಗೆ ಹೇಳಿದ. ಯಜಮಾನ ಎದ್ದು ನಿಂತು ಕೂಗಿದ: "ಇವಳ ಕಾಯಿಲೆ ಹಾಗೇ ಇದೆ! ನೀನು ಕೊಟ್ಟದ್ದು ಎಂಥ ಔಷಧಿ?"

ಇಲ್ಲಿಗೆ ಬಂದಾಗ ಗುರುಗಳ ದನಿಯೂ ಏರಿತು.

ಕೇತವ್ವ ಎದ್ದಳು. "ಉಂಡಳು. ಮಲಗಿದಳು. ಕೈ ನಡುಗುವುದು ನಿಂತಿದೆ. ಕಾಯಿಲೆ ಹೋಯಿತು ಕಣಪ್ಪ. ಈಗ ಇವಳಲ್ಲಿ ಉಳಿದಿರುವುದು ಕಾಯಿಲೆಯಲ್ಲ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ." ಆಮೇಲೆ ಶಿಬಿರದವನ ಕಡೆ ತಿರುಗಿದಳು. "ನಮ್ಮವ್ವ ನನಗೆ ಈ ಬೇರು ತೋರಿಸಿದ್ದು ಬಿದ್ದವರನ್ನು ಎಬ್ಬಿಸಲಿ ಎಂದು. ಎದ್ದು ನಿಂತವಳನ್ನು ಮತ್ತೆ ಬೀಳಿಸು ಎನ್ನುತ್ತೀಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೇ?"

ಮಡಕೆಯಲ್ಲಿ ಉಳಿದಿದ್ದ ಕಷಾಯವನ್ನು ಅವಳು ನೆಲಕ್ಕೆ ಸುರಿದಳು. ಕಾಡಿನೊಳಗಿನ ತನ್ನ ಹಾಡಿಯ ದಾರಿ ಹಿಡಿದು ಹೊರಟೇಬಿಟ್ಟಳು. ಆ ಶಿಬಿರಕ್ಕೆ ಮತ್ತೆ ಕಾಲಿಡಲಿಲ್ಲ. ನೋವಿದ್ದವರು ಆಮೇಲೆ ಕಾಡು ಹಾದು, ಅವಳ ಗುಡಿಸಲಿಗೇ ಹೋಗಿ ಕೇಳಬೇಕಾಯಿತು.

ಹಾಲವ್ವ ಊರಿಗೆ ಬಂದು ಮೊದಲಿನಂತೆ ಭಟ್ಟಿಯ ಮುಂದೆ ನಿಂತಳು. ಈ ಸಲ ಕೂಗಲಿಲ್ಲ, ಬೈಯಲಿಲ್ಲ. ಬೆಟ್ಟದ ಮೇಲೆ ಹೇಳಿದ ಮಾತನ್ನೇ ಹೇಳಿದಳು. ಬಂದವರಿಗೆಲ್ಲ ಹೇಳಿದಳು. ಪ್ರತಿಯೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಹುಚ್ಚಿ ಎಂದು ದಾಟಿ ಹೋಗಲು ಇನ್ನು ಯಾರಿಗೂ ಆಗಲಿಲ್ಲ.

ಆಳುಗಳಲ್ಲಿ ಒಬ್ಬ ಬುಟ್ಟಿ ಕೆಳಗಿಟ್ಟ. "ಆಕೆ ಹೇಳುವುದು ನಿಜ. ಆ ಬಿರುಕು ನಾವೂ ನೋಡಿದ್ದೆವು" ಎಂದ. ಇನ್ನೊಬ್ಬ ಇಟ್ಟ. ಆಮೇಲೆ ಎಲ್ಲರೂ ಇಟ್ಟರು. ಯಜಮಾನ ಬೆದರಿಸಿದ. ದೂರದ ಊರಿನಿಂದ ಬೇರೆ ಆಳುಗಳನ್ನು ಕರೆಸಿದ. ಅವರು ಬಂದು ಗೋಡೆ ನೋಡಿದರು, ಅವಳ ಮಾತು ಕೇಳಿದರು, ಬಂದ ದಾರಿಯಲ್ಲೇ ಹಿಂದಿರುಗಿದರು. ಭಟ್ಟಿಯ ಬೆಂಕಿ ಆರಿತು.

ಕೊನೆಗೆ ಯಜಮಾನ ಅವಳ ಬಾಗಿಲಿಗೆ ಬಂದ. "ನಿನಗೆ ಏನು ಬೇಕು?"

"ಭಟ್ಟಿ ಕೆಡವಿ ಹೊಸದಾಗಿ ಕಟ್ಟಿಸಿ. ಅವರು ಕುಡಿದಿರಲಿಲ್ಲ ಎಂದು ಊರ ಮುಂದೆ ಹೇಳಿ."

ಅವನು ಭಟ್ಟಿ ಕೆಡವಿಸಿ ಹೊಸದನ್ನು ಕಟ್ಟಿಸಿದ. ಊರವರು ಕಟ್ಟೆಯ ಹತ್ತಿರ ಸೇರಿದಾಗ ಎದ್ದು ನಿಂತು, ನೆಲ ನೋಡುತ್ತ, ತನ್ನ ತಮ್ಮ ಕುಡಿದಿರಲಿಲ್ಲ ಎಂದು ಗೊಣಗಿದ. ಹಾಲವ್ವ ಹೆಂಗಸರ ನಡುವಿನಿಂದ ಎದ್ದಳು. "ಕೇಳಿಸಲಿಲ್ಲ ಭಾವ. ಇನ್ನೊಮ್ಮೆ ಹೇಳಿ" ಎಂದಳು. ಅವನು ಇನ್ನೊಮ್ಮೆ ಹೇಳಿದ. ಎಲ್ಲರಿಗೂ ಕೇಳಿಸಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆಮೇಲೆ ಅವಳ ಸಿಟ್ಟು ಹೋಯಿತೇ, ಗುರುಗಳೇ?"

"ಅದನ್ನು ಅವಳನ್ನೇ ಕೇಳಬೇಕು" ಎಂದರು ಗುರುಗಳು. "ನಾನು ನಿನ್ನನ್ನು ಕೇಳುತ್ತೇನೆ. ನಿನ್ನ ಸಿಟ್ಟು ಯಾರ ಮೇಲೆ? ಅದನ್ನು ಕಳೆದುಕೊಂಡು ಬಾ ಎಂದು ನಿನಗೆ ಹೇಳಿದವರು ಯಾರು?"