ಹೊಳೆಯಾಚೆಗೆ ಹೋಗದ ಗಂಜಿ

"ಗುರುಗಳೇ, ಸಭೆಯಲ್ಲಿ ನಿಂತು ಪ್ರಸಂಗ ಮಾಡುವವನ ಸೇವೆ ದೊಡ್ಡದೋ, ಅವನ ಹಿಂದೆ ಬುತ್ತಿ ಹೊರುವವನದೋ?" ಎಂದು ನತಾನಿಯೇಲ ಕೇಳಿದ. ಕ್ರೈಸ್ತ ಸಭೆಯ ಸೇವೆ ಕಲಿಯಲು ಬಂದ ಶಿಷ್ಯ ಅವನು. ಬುತ್ತಿ ಹೊತ್ತು ಹೊತ್ತು ಸಾಕಾಗಿದೆ ಎಂಬುದು ಪ್ರಶ್ನೆಯಲ್ಲೇ ಗೊತ್ತಾಗುತ್ತಿತ್ತು. ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೋಧಕರು. ಅವರಿಗೊಬ್ಬ ಸಹಾಯಕ. ಗಂಟೆ ಹೊಡೆಯುವುದು, ಚಾಪೆ ಹಾಸುವುದು, ಕಾಯಿಲೆಯವರನ್ನು ನೋಡಿಬರುವುದು, ಎಲ್ಲವೂ ಅವನ ಪಾಲಿಗೆ. ಹೊಳೆಯಾಚೆಯ ಗುಡಿಸಲಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕಿ ಇದ್ದಳು. ಬೋಧಕರ ಮನೆಯಿಂದ ಅವನು ದಿನವೂ ಒಯ್ಯುವ ಗಂಜಿಯ ಮೇಲೇ ಅವಳ ಜೀವ ನಿಂತಿತ್ತು. ಹೊಳೆ ಏರಲಿ, ಇಳಿಯಲಿ, ಸೂರ್ಯ ತಪ್ಪಿದರೂ ಅವನು ತಪ್ಪಿದವನಲ್ಲ.

ಆದರೂ ಮನುಷ್ಯ ತಾನೇ. ಗಂಜಿ ಒಯ್ಯುವವನಿಗೆ ಯಾರೂ ಆಮೆನ್ ಅನ್ನುವುದಿಲ್ಲವಲ್ಲ ಎಂದು ಒಳಗೊಳಗೇ ಕೊರಗುತ್ತಿದ್ದ.

ಒಮ್ಮೆ ಸಭೆಯಲ್ಲಿ ಮೂರು ದಿನದ ಉಪವಾಸ ಪ್ರಾರ್ಥನೆ ಇಟ್ಟರು. ಯಾರ ಮನೆಯಲ್ಲೂ ಒಲೆ ಹಚ್ಚಲಿಲ್ಲ. ಮುದುಕಿಗೆ ಮಾತ್ರ ಗಂಜಿ ಕಾಸಿಕೊಂಡು ಹೋಗು ಎಂದು ಬೋಧಕರು ಹೇಳಿದರು. ಅವನು ಅಕ್ಕಿ ತೊಳೆದಿಟ್ಟ. ಅಷ್ಟರಲ್ಲಿ ಹಿರಿಯರೊಬ್ಬರು ಬಂದು, ಇವತ್ತು ನೀನೂ ಒಂದು ಪ್ರಾರ್ಥನೆ ಮಾಡಪ್ಪ ಎಂದು ಕರೆದರು.

ಅವನು ಮಾಡಿದ. ಕರ್ತನೇ, ಹೊಳೆಯಾಚೆಯ ಆ ತಾಯಿಗೆ ಯಾರೂ ಇಲ್ಲ, ನೀನೇ ನೋಡಿಕೋ ಎಂದು ಕಣ್ಣೀರು ಹಾಕಿ ಬೇಡಿದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸೂರು ಹಾರಿಹೋಗುವಂತೆ ಆಮೆನ್ ಬಂತು. ಅವನಿಗೆ ಏಳಲು ಮನಸ್ಸಾಗಲಿಲ್ಲ. ಇದೊಂದು ಮುಗಿಯಲಿ, ಹೋದರಾಯಿತು ಎಂದುಕೊಂಡ. ಮರುದಿನವೂ ಅವನನ್ನೇ ಮುಂದೆ ಕರೆದರು, ಅದರ ಮರುದಿನವೂ. ಊರಿಗೆ ಊರೇ ಉಪವಾಸ ಇರುವಾಗ ಮುದುಕಿಗೆ ಸ್ವಲ್ಪ ತಡವಾದರೇನು ಎಂದು ಮನಸ್ಸು ಸಮಾಧಾನ ಹೇಳಿತು. ನೆಪ ಬೇಕಾದವನಿಗೆ ಉಪವಾಸವೂ ನೆಪವೇ. ಗಂಜಿ ಹೋಯಿತೇ ಎಂದು ಬೋಧಕರು ಕೇಳಲಿಲ್ಲ. ಅವನನ್ನು ಹಾಗೆ ಕೇಳುವ ರೂಢಿಯೇ ಇರಲಿಲ್ಲ.

ಉಪವಾಸ ಬಿಟ್ಟ ಮೇಲೆ ಅವನು ಬಿಸಿ ಗಂಜಿ ಹಿಡಿದು ಹೊಳೆ ದಾಟಿದ. ಗುಡಿಸಲ ಬಾಗಿಲಲ್ಲಿ ಕುರಿ ಕಾಯುವ ನೆರೆಯ ಹೆಂಗಸು ನಿಂತಿದ್ದಳು. ಒಳಗೆ ಮುದುಕಿ ತಣ್ಣಗಾಗಿದ್ದಳು.

ಅವನು ಆ ಹೆಂಗಸಿನ ಕಡೆ ತಿರುಗಿದ. "ಪಕ್ಕದಲ್ಲೇ ಇದ್ದೀಯಲ್ಲಮ್ಮಾ! ಒಂದು ಗುಟುಕು ಕೊಡಬಾರದಿತ್ತಾ?" ಎಂದು ಕೂಗಿದ.

"ಕೊಡದೆ ಇರ್ತೀನಾ? ಮೊನ್ನೆನೂ ಅಂಬಲಿ ತಂದೆ, ನಿನ್ನೆನೂ ತಂದೆ. ಬಾಯಿಗೇ ಇಡಲಿಲ್ಲ. 'ಬೇಡ ಕಣವ್ವ, ನನ್ನ ಮಗ ಬರೋ ಹೊತ್ತಾಯ್ತು. ಹೊಳೆ ದಾಟಿ ತರ್ತಾನೆ. ನಾನು ಉಂಡಿರೋದು ಕಂಡ್ರೆ ನೊಂದ್ಕೊತಾನೆ' ಅಂದಳು. ನೀನು ತಪ್ಪಿಸೋನಲ್ಲ ಅಂತ ನನಗೂ ಗೊತ್ತಲ್ಲ. ಬಂದೇ ಬರ್ತೀಯ ಅಂತ ಕುರಿ ಹೊಡ್ಕೊಂಡು ಹೋದೆ."

ಆಗ ಅವನಿಗೆ ಅರ್ಥವಾಯಿತು. ತಾನು ಹತ್ತು ಸಲ ತಪ್ಪುವ ಸೋಮಾರಿಯಾಗಿದ್ದರೆ ಮುದುಕಿ ಆ ಅಂಬಲಿ ಕುಡಿದು ಬದುಕಿರುತ್ತಿದ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನತಾನಿಯೇಲನ ಮುಖ ಬಿಳಿಚಿಕೊಂಡಿತ್ತು. "ಮೂರು ದಿನ ಅಷ್ಟು ಅತ್ತು ಬೇಡಿದನಲ್ಲ ಗುರುಗಳೇ! ದೇವರು ಆ ಪ್ರಾರ್ಥನೆಗೆ ಉತ್ತರವನ್ನೇ ಕಳಿಸಲಿಲ್ಲವೇ?"

"ಕಳಿಸಿದ್ದನಪ್ಪ," ಎಂದರು ಗುರುಗಳು, "ಆ ಉತ್ತರ ಸಭೆಯ ಮುಂದೆ ಮೊಣಕಾಲೂರಿಕೊಂಡು ಆಮೆನ್ ಕೇಳುತ್ತಾ ಕೂತಿತ್ತು."