ಕಲಾಯಿಯವನ ಕುರ್ಚಿ

"ಬುದ್ಧಿ, ಸೇವೆ ಮಾಡುವವನು ಯಾವಾಗ ಎದ್ದು ಹೋಗಬೇಕು?" ಎಂದು ಕರಿಬಸಪ್ಪ ಕೇಳಿದ.

ಕರಿಬಸಪ್ಪ ಮಠದ ಹಳೆಯ ಶಿಷ್ಯ. ಅವನ ಪೇಟೆಯಲ್ಲಿ ಜನರೇ ಸೇರಿ ನಡೆಸುವ ಒಂದು ಆರೋಗ್ಯ ಕೇಂದ್ರವಿತ್ತು. ಅದರ ಕಮಿಟಿಯಲ್ಲಿ ಅವನು ಬಹಳ ವರ್ಷಗಳಿಂದ ಇದ್ದ. ಸಂಬಳವಿಲ್ಲದ ಕೆಲಸ. ಈಚೆಗೆ ಪೇಟೆಯ ಜನ, "ಇನ್ನು ಸಾಕು, ಹೊಸಬರಿಗೆ ಜಾಗ ಬಿಡಿ" ಎನ್ನತೊಡಗಿದ್ದರು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

"ಅವರಿಗೆ ನೀನು ಏನಂದೆ?" ಎಂದರು ಗುರುಗಳು.

"ಕೇಂದ್ರ ಇನ್ನೂ ಸರಿಹೋಗಿಲ್ಲ ಬುದ್ಧಿ. ಒಂದು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಎಲ್ಲ ಸರಿಹೋದ ದಿನ ನಾನಾಗಿಯೇ ಎದ್ದು ಹೋಗುತ್ತೇನೆ ಅಂದೆ. ನನಗೇನು ಆ ಕುರ್ಚಿಯ ಆಸೆಯೇ?"

ಗುರುಗಳು ನಕ್ಕರು. "ನಿನ್ನ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ ಕಣಯ್ಯಾ. ಒಬ್ಬರು ನನ್ನ ಗುರುಗಳು. ಅವರು ಲಿಂಗೈಕ್ಯರಾದರು. ಇನ್ನೊಬ್ಬ ನಾನು. ನಾನು ಮರೆತುಬಿಟ್ಟೆ. ಕತೆಯೊಂದು ಮಾತ್ರ ನೆನಪಿದೆ. ನಾನು ಕತೆ ಶುರುಮಾಡಿದರೆ ಹಾರುವ ಕಾಗೆಯೂ ರೆಕ್ಕೆ ಮಡಚಿ ಕೂರುತ್ತದೆ ಎನ್ನುತ್ತಾರೆ. ಹಾಗೆನ್ನುವವನು ನಾನೇ. ನೀನೂ ಕೂರು."

ಕರಿಬಸಪ್ಪ ಕುಳಿತ. ಗುರುಗಳು ಹೇಳಿದರು.

ಒಂದು ಊರಿನ ಒಂದು ಓಣಿಯಲ್ಲಿ ಒಂದು ಆರೋಗ್ಯ ಕೇಂದ್ರವಿತ್ತು. ಓಣಿಯವರೇ ಕಲ್ಲು ಹೊತ್ತು ಕಟ್ಟಿದ್ದು. ನರ್ಸಮ್ಮ ಒಬ್ಬಳು ದಿನವೂ ಇರುತ್ತಿದ್ದಳು. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಕೇಂದ್ರವನ್ನು ನೋಡಿಕೊಳ್ಳಲು ಆರು ಜನರ ಕಮಿಟಿ ಇತ್ತು. ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಒಬ್ಬ ಬಟ್ಟೆ ವ್ಯಾಪಾರಿ, ಒಬ್ಬ ವಕೀಲ, ಉಳಿದ ಮೂವರೂ ಅಂಥವರೇ. ಪುಕ್ಕಟೆ ದುಡಿಯುವ ಒಳ್ಳೆಯ ಜನ. ಎಷ್ಟು ಒಳ್ಳೆಯವರೆಂದರೆ, ದಾರಿಯಲ್ಲಿ ಮಳೆ ಬಂದರೆ ಕೊಡೆ ಬಿಚ್ಚುವುದೋ ಬೇಡವೋ ಎಂದು ಒಬ್ಬೊಬ್ಬರ ಅಭಿಪ್ರಾಯ ಕೇಳಿ, ಒಮ್ಮತ ಬರುವವರೆಗೆ ನೆನೆಯುತ್ತ ನಿಲ್ಲುತ್ತಿದ್ದರು. ನಾನು ಉತ್ಪ್ರೇಕ್ಷೆ ಮಾಡುವವನಲ್ಲ. ನನ್ನಷ್ಟು ಸತ್ಯ ಹೇಳುವವನು ಇನ್ನೊಬ್ಬ ಹುಟ್ಟಬೇಕಾದರೆ ಭೂಮಿ ಇನ್ನಷ್ಟು ಗಟ್ಟಿಯಾಗಬೇಕು.

ಒಂದು ವರ್ಷ ಓಣಿಯ ವಾರ್ಷಿಕ ಸಭೆಯಲ್ಲಿ ಒಬ್ಬ ಮುದುಕಿ ಎದ್ದು ನಿಂತಳು. "ಆರು ಜನಾನೂ ಗುಂಡುಕಲ್ಲಿನ ಹಾಗಿದ್ದೀರಿ. ಕಾಯಿಲೆಯವರ ಕಷ್ಟ ನಿಮಗೇನು ಗೊತ್ತಾಗ್ತದೆ?" ಎಂದಳು.

ಮಾತು ಕಮಿಟಿಗೆ ನಾಟಿತು. ಅವರು ಏಳನೆಯ ಕುರ್ಚಿಯೊಂದನ್ನು ಹಾಕಿಸಿದರು. ಅದು ರೋಗಿಯ ಕುರ್ಚಿ. ಕಾಯಿಲೆ ಇರುವವರೆಗೆ ಅದರಲ್ಲಿ ಕೂರಬಹುದು. ವಾಸಿಯಾದ ಕೂಡಲೇ ಎದ್ದು ಇನ್ನೊಬ್ಬ ರೋಗಿಗೆ ಬಿಡಬೇಕು. ಗಟ್ಟಿಮುಟ್ಟಾದವನು ಅಲ್ಲಿ ಕುಳಿತರೆ ರೋಗಿಗಳಿಗೆ ಮೋಸ ಮಾಡಿದಂತೆ ಎಂದು ವಕೀಲ ನಿಯಮ ಮಾಡಿದ.

ಮೊದಲು ಒಬ್ಬ ಜ್ವರದವನನ್ನು ಕೂರಿಸಿದರು. ಮೇಷ್ಟ್ರ ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಅವನ ಜ್ವರ ಬಿಟ್ಟಿತ್ತು. ಅವನು ಎದ್ದು ಹೋದ. ಆಮೇಲೆ ಹಲ್ಲುನೋವಿನ ಹೆಂಗಸೊಬ್ಬಳನ್ನು ಕೂರಿಸಿದರು. ಅವಳಿಗೆ ಬಾಯಿ ತೆರೆಯಲಾಗಲಿಲ್ಲ. ಬಾಯಿ ತೆರೆಯಲಾದ ದಿನ ಅವಳು ಸದಸ್ಯೆಯಾಗಿ ಉಳಿಯಲಿಲ್ಲ.

"ಸ್ವಲ್ಪ ಬಾಳಿಕೆ ಬರುವಂಥ ಕಾಯಿಲೆ ನೋಡಬೇಕು" ಎಂದ ಬಟ್ಟೆ ವ್ಯಾಪಾರಿ.

ಕರಿಬಸಪ್ಪ ಜೋರಾಗಿ ನಕ್ಕ. ಅವನ ನಗೆ ಮುಗಿಯುವವರೆಗೆ ಗುರುಗಳು ಕಾದರು.

ಹಾಗೆ ಹುಡುಕುವಾಗ ಸಿಕ್ಕಿದವನು ಕಲಾಯಿಯವನು. ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಗೆ ತವರ ಬಳಿಯುವುದು ಅವನ ಕಸುಬು. ಪಾತ್ರೆಯೊಳಗೆ ಮರಳು ಹಾಕಿ, ಅದರಲ್ಲಿ ಬರಿಗಾಲಲ್ಲಿ ನಿಂತು, ಸೊಂಟ ತಿರುಗಿಸಿ ತಿರುಗಿಸಿ ಬೆಳಗುತ್ತಿದ್ದ. ಓಣಿಗೆ ಸ್ಟೀಲು ಬಂತು. ಅವನು "ಕಲಾಯೀ, ಪಾತ್ರೆಗೆ ಕಲಾಯೀ" ಎಂದು ಕೂಗುತ್ತ ಓಣಿಯ ಉದ್ದಕ್ಕೂ ಹೋದರೆ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ನಾಯಿಗಳೂ ಅವನನ್ನು ಕಂಡು ಬೊಗಳುವುದನ್ನು ಬಿಟ್ಟಿದ್ದವು. ಎಂದೋ ಸಿಕ್ಕ ಒಂದು ಹಂಡೆಗೆ ಕಲಾಯಿ ಹಾಕುವಾಗ ಕಾದ ತವರ ಕಾಲಿನ ಮೇಲೆ ಬಿತ್ತು. ಸಕ್ಕರೆ ಕಾಯಿಲೆಯ ಮೈ. ಸುಟ್ಟ ಗಾಯ ಹುಣ್ಣಾಗಿ ನಿಂತಿತು. ನರ್ಸಮ್ಮ ಅದನ್ನು ದಿನವೂ ತೊಳೆದು ಪಟ್ಟಿ ಕಟ್ಟುತ್ತಿದ್ದಳು.

ಕಮಿಟಿಯವರು ಅವನನ್ನು ಕರೆತಂದು ಏಳನೆಯ ಕುರ್ಚಿಯಲ್ಲಿ ಕೂರಿಸಿದರು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

"ಕಲಾಯಿಯವರೇ, ನಿಯಮದ ಪ್ರಕಾರ ನಾವು ನೋಡಬೇಕು. ಹುಣ್ಣು ತೋರಿಸಿ."

ಅವನು ಪಟ್ಟಿ ಬಿಚ್ಚಿ ತೋರಿಸಿದ. ಆರು ಜನ ಬಗ್ಗಿ ನೋಡಿ, "ಇದೆ" ಎಂದರು.

"ಈಗ ಹೇಳಿ, ನೀವೇನು ಹೇಳುತ್ತೀರಿ?" ಎಂದು ಮೇಷ್ಟ್ರು ಕೇಳಿದರು.

ಕಲಾಯಿಯವನು ತಿರುಗಿ ತನ್ನ ಹಿಂದೆ ನೋಡಿದ. ಹಿಂದೆ ಯಾರೂ ಇರಲಿಲ್ಲ. ಹುಟ್ಟಿದಾಗಿನಿಂದ ಅವನನ್ನು ಯಾರೂ 'ನೀವು' ಎಂದು ಕರೆದಿರಲಿಲ್ಲ.

"ಕಾಯಿಲೆಯವರು ಬಿಸಿಲಲ್ಲಿ ನಿಂತಿರ್ತಾರೆ ಸ್ವಾಮಿ. ಒಂದು ಚಪ್ಪರ ಹಾಕಿಸಿ" ಎಂದ.

ಹಾಕಿಸಿದರು. ಮುಂದಿನ ಸಭೆಯಲ್ಲಿ, ಓದು ಬಾರದವರಿಗೆ ಮಾತ್ರೆಯ ಪೊಟ್ಟಣದ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದುಕೊಡಿ ಎಂದ. ಅದೂ ಆಯಿತು. ಓಣಿಯ ಜನ ಅವನನ್ನು ಹುಡುಕಿಕೊಂಡು ಬರತೊಡಗಿದರು. "ಅಣ್ಣಾ, ನನ್ನದೊಂದು ಮಾತು ಕಮಿಟಿಗೆ ಮುಟ್ಟಿಸಪ್ಪಾ" ಎಂದರು. ಕಲಾಯಿಗೆ ತೆರೆಯದ ಬಾಗಿಲುಗಳು ಈಗ ತೆರೆದವು. ಜಗಲಿಯ ಮೇಲೆ ಕೂರಿಸಿ ಅವನಿಗೆ ಸಕ್ಕರೆಯಿಲ್ಲದ ಕಾಫಿ ಕೊಟ್ಟರು. ಸ್ಟೀಲು ಲೋಟದಲ್ಲಿ ಕೊಟ್ಟರು. ಅವನು ಅದನ್ನೂ ಕುಡಿದ.

ಸಭೆಯ ದಿನ ಅವನು ಬೆಳಿಗ್ಗೆಯೇ ಅಂಗಿ ಒಗೆದು ಒಣಹಾಕುತ್ತಿದ್ದ. ಹೆಂಡತಿ ಚುಡಾಯಿಸುತ್ತಿದ್ದಳು. "ಕಮಿಟಿಯವರೇ, ರೊಟ್ಟಿ ಆರಿಹೋಗ್ತದೆ. ತಿನ್ನೋದೋ ಬೇಡವೋ ಅಂತ ತೀರ್ಮಾನ ಆಯ್ತಾ?"

ಅವನಂಥ ಸದಸ್ಯ ಇನ್ನೊಬ್ಬ ಸಿಗುವುದಿಲ್ಲವೆಂದು ಆರು ಜನರಿಗೂ ಗೊತ್ತಾಗಿತ್ತು. ಸಭೆ ಶುರುವಾಗುವಾಗ ಹುಣ್ಣು ನೋಡುವ ಪದ್ಧತಿ ಮಾತ್ರ ತಪ್ಪಲಿಲ್ಲ. "ದೇವರು ದೊಡ್ಡವನು, ಇನ್ನೂ ವಾಸಿಯಾಗಿಲ್ಲ" ಎಂದು ಬಟ್ಟೆ ವ್ಯಾಪಾರಿ ಒಂದು ದಿನ ಕೈಮುಗಿದ. ಅದರಲ್ಲಿ ತಪ್ಪೇನಿದೆಯೆಂದು ಯಾರಿಗೂ ಅನ್ನಿಸಲಿಲ್ಲ.

ಆದರೆ ನರ್ಸಮ್ಮನ ಕೈಗುಣ ಒಳ್ಳೆಯದು. ಹುಣ್ಣು ಅಂಚಿನಿಂದ ಒಣಗುತ್ತ ಬಂತು.

"ಅಣ್ಣಾ, ಮುಂದಿನ ಸಭೆ ಹೊತ್ತಿಗೆ ನಿನ್ನ ಕಾಲು ಹೊಸದಾಗಿರ್ತದೆ ನೋಡು" ಎಂದು ಅವಳು ನಕ್ಕಳು. ಅವನು ನಗಲಿಲ್ಲ.

ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಹುಣ್ಣು ಮತ್ತೆ ಬಾಯಿಬಿಟ್ಟಿತ್ತು. ರಕ್ತದೊಳಗೆ ಏನೋ ಸಣ್ಣಗೆ ಮಿನುಗುತ್ತಿತ್ತು.

"ಅಣ್ಣಾ, ಹುಣ್ಣಿನಲ್ಲಿ ಮರಳಿದೆ."

"ರಸ್ತೇಲಿ ಧೂಳು ಜಾಸ್ತಿ ಕಣಮ್ಮ."

"ಧೂಳು ತಾನಾಗಿ ಪಟ್ಟಿ ಬಿಚ್ಚಿ, ಒಳಗೆ ಹೋಗಿ, ಮತ್ತೆ ಗಂಟು ಹಾಕಿಕೊಂಡಿತಾ?"

ಅವನು ತಲೆ ತಗ್ಗಿಸಿದ. ಆಮೇಲೆ ಹೇಳಿದ. "ಹೆರಿಗೆಯವರಿಗೆ ಒಂದು ಮಂಚ ಬೇಕು ಅಂತ ಹೇಳಿದೀನಿ. ಮುಂದಿನ ಸಭೆಗೆ ಆ ವಿಷಯ ಬರ್ತದೆ. ಅದೊಂದು ಆಗಿಬಿಡಲಿ. ಆಮೇಲೆ ಈ ಕಾಲು ನಿಂದು. ಏನು ಬೇಕಾದ್ರೂ ಮಾಡ್ಕೊ."

"ಚಪ್ಪರ ಆಯ್ತು, ಪೊಟ್ಟಣ ಆಯ್ತು, ಈಗ ಮಂಚ ಅಂತೀಯ. ವಿಷ ಏರಿದರೆ ಕಾಲೂ ಇರಲ್ಲ, ನೀನೂ ಇರಲ್ಲ."

"ವಾಸಿಯಾದರೆ ಮಾತ್ರ ನಾನು ಎಲ್ಲಿರ್ತೀನಿ ಹೇಳು. ಮತ್ತೆ ಕಲಾಯೀ ಅಂತ ಕೂಗಬೇಕು. ಯಾರಮ್ಮ ಬಾಗಿಲು ತೆಗೀತಾರೆ?"

ನರ್ಸಮ್ಮ ಹುಣ್ಣು ತೊಳೆದು ಹೊಸ ಪಟ್ಟಿ ಕಟ್ಟಿದಳು. ಸಭೆಯ ದಿನ ಅವಳು ಅವನನ್ನು ಹೊರಗೆ ಚಪ್ಪರದಡಿ ಕೂರಲು ಹೇಳಿ, ತಾನು ಒಳಗೆ ಹೋದಳು. ಮರಳಿನ ವಿಷಯ ಹೇಳಿದಳು. ಆರು ಜನರ ಮುಖ ಬಾಡಿತು.

"ಆ ನಿಯಮ ತೆಗೆದುಹಾಕಿ. ಅವನು ವಾಸಿಯಾದ ಮೇಲೂ ಆ ಕುರ್ಚಿಯಲ್ಲೇ ಕೂರಲಿ" ಎಂದಳು.

"ನಿಯಮ ಬದಲಾಗಬೇಕಾದರೆ ವಾರ್ಷಿಕ ಸಭೆಯಲ್ಲೇ ಆಗಬೇಕಮ್ಮ" ಎಂದ ವಕೀಲ. "ಅದಕ್ಕೆ ಇನ್ನೂ ಬಹಳ ತಿಂಗಳಿದೆ."

"ಹಾಗಾದರೆ ನಿಮ್ಮಲ್ಲಿ ಒಬ್ಬರು ಏಳಿ. ನಿಮ್ಮ ಕುರ್ಚಿಯಲ್ಲಿ ಕೂರೋದಕ್ಕೆ ಕಾಯಿಲೆ ಬೇಕಿಲ್ಲವಲ್ಲ. ಯಾರಾದರೂ ಒಬ್ಬರು ಬಿಟ್ಟರೆ ಅವನನ್ನು ಅಲ್ಲಿ ಕೂರಿಸಬಹುದು. ಇವತ್ತೇ ಮರಳು ಬಿಸಾಕ್ತಾನೆ."

ವ್ಯಾಪಾರಿ ವಕೀಲನನ್ನು ನೋಡಿದ. ವಕೀಲ ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಗೋಡೆ ನೋಡಿದರು.

"ಸುಣ್ಣ ಹೊಡೆಸೋ ಕೆಲಸ ನಾನು ವಹಿಸಿಕೊಂಡಿದ್ದು, ಅರ್ಧಕ್ಕೆ ನಿಂತಿದೆ" ಎಂದ ವ್ಯಾಪಾರಿ.

"ಕೇಂದ್ರದ ಜಾಗದ ಮೊಕದ್ದಮೆ ಒಂದು ದಡ ಮುಟ್ಟಲಿ" ಎಂದ ವಕೀಲ.

ಉಳಿದ ಮೂವರಿಗೂ ಒಂದೊಂದು ಕೆಲಸ ಅರ್ಧಕ್ಕೆ ನಿಂತಿತ್ತು. ಕೊನೆಗೆ ಮೇಷ್ಟ್ರ ಸರದಿ ಬಂತು. ಅವರ ಕಣ್ಣಲ್ಲಿ ನೀರಿತ್ತು. "ಮನೆಯಲ್ಲಿ ನನ್ನ ಮಾತು ಯಾರು ಕೇಳ್ತಾರಮ್ಮಾ?" ಎಂದರು.

ಆರು ಜನರಲ್ಲಿ ಕೆಟ್ಟವನು ಒಬ್ಬನೂ ಇರಲಿಲ್ಲ. ಕಲಾಯಿಯವನಿಗೆ ಪೇಟೆಯಲ್ಲಿ ಸಿಗುವ ಅತ್ಯುತ್ತಮ ಮುಲಾಮು ತರಿಸಬೇಕೆಂದು ಒಮ್ಮತದಿಂದ ತೀರ್ಮಾನಿಸಿ, ಅವನನ್ನು ಒಳಗೆ ಕರೆದರು. ಅವನು ಕುಂಟುತ್ತ ಬಂದು ಏಳನೆಯ ಕುರ್ಚಿಯಲ್ಲಿ ಕುಳಿತ. ಚಪ್ಪರದ ಕಡೆಯ ಕಿಟಕಿ ತೆರೆದೇ ಇತ್ತು. ಅವನಿಗೆ ಎಲ್ಲ ಕೇಳಿಸಿತ್ತು.

"ಕಲಾಯಿಯವರೇ" ಎಂದರು ಮೇಷ್ಟ್ರು. ದನಿ ಸಣ್ಣದಾಗಿತ್ತು. "ಹುಣ್ಣು ತೋರಿಸಿ."

ಅವನು ತೋರಿಸಿದ. ಈ ಸಲ ಯಾರೂ ಬಗ್ಗಲಿಲ್ಲ. ಕೂತಲ್ಲಿಂದಲೇ "ಇದೆ" ಎಂದರು.

ಆ ಸಭೆಯಲ್ಲಿ ಮಂಚಕ್ಕೆ ಒಪ್ಪಿಗೆ ಸಿಕ್ಕಿತು. ಮಂಚ ಬರುವುದು ತಡವಾಯಿತು. ಅಷ್ಟರಲ್ಲಿ ಅವನ ಪಾದ ಕಪ್ಪಾಗಿತ್ತು. ದೊಡ್ಡಾಸ್ಪತ್ರೆಗೆ ಹೋಗು ಎಂದು ಡಾಕ್ಟರು ಗದರಿದರು. ಹೆಂಡತಿ ಕಾಲು ಹಿಡಿದು ಅತ್ತಳು. ಮಂಚ ಬಂದದ್ದನ್ನು ಕಣ್ಣಾರೆ ನೋಡಿ ಹೋಗುತ್ತೇನೆ ಎಂದ. ಮಂಚ ಬಂತು. ಅದರ ಮೇಲೆ ಮೊದಲು ಮಲಗಿದವನು ಅವನೇ. ಮೈ ಒಲೆಯಂತೆ ಸುಡುತ್ತಿತ್ತು. ದೊಡ್ಡಾಸ್ಪತ್ರೆಯ ಗಾಡಿ ಓಣಿಗೆ ತಿರುಗುವ ಮೊದಲೇ ಜೀವ ಹೋಯಿತು.

ಅವನ ಹೆಣ ಹೋಗುವಾಗ ಓಣಿಯ ಒಂದು ಬಾಗಿಲೂ ಮುಚ್ಚಿರಲಿಲ್ಲ.

ಕಮಿಟಿ ಸಂತಾಪ ಸಭೆ ಕರೆಯಿತು. ಅವನ ಹೆಂಡತಿಯನ್ನೂ ಕರೆಸಿದರು. ಆರು ಜನವೂ ಅವನ ಗುಣ ಹೇಳಿ ಅತ್ತರು. ನಿಜವಾಗಿಯೇ ಅತ್ತರು. ಆಮೇಲೆ ಎಲ್ಲರೂ ಖಾಲಿ ಕುರ್ಚಿಯನ್ನು ನೋಡುತ್ತ ಕುಳಿತರು. ಅವನ ಹೆಸರು ಉಳಿಯುವಂತೆ ಏನಾದರೂ ಮಾಡಬೇಕಲ್ಲ.

ಬಟ್ಟೆ ವ್ಯಾಪಾರಿ ಮೆಲ್ಲಗೆ ಕೇಳಿದ. "ತಪ್ಪು ತಿಳೀಬೇಡಿ ಅಮ್ಮಾ. ನಿಮಗೇನಾದರೂ ಕಾಯಿಲೆ ಗೀಯಿಲೆ ಇದೆಯಾ?"

"ಏನೂ ಇಲ್ಲ ಸ್ವಾಮಿ. ಮೈ ಗಟ್ಟಿಯಿದೆ" ಎಂದಳು ಅವಳು.

"ಹಾಗಾದರೆ ನಿಯಮದ ಪ್ರಕಾರ ಆಗಲ್ಲ" ಎಂದ ವಕೀಲ.

ಅವಳು ಎದ್ದು ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಕರಿಬಸಪ್ಪನ ಕಣ್ಣು ಒದ್ದೆಯಾಗಿತ್ತು. ಅವನಿಗೆ ಸಿಟ್ಟೂ ಬಂದಿತ್ತು.

"ಎಂಥ ಜನ ಬುದ್ಧಿ! ಆರರಲ್ಲಿ ಒಬ್ಬ ಎದ್ದಿದ್ದರೆ ಒಂದು ಜೀವ ಉಳಿಯುತ್ತಿತ್ತಲ್ಲ! ಅರ್ಧಕ್ಕೆ ನಿಂತ ಕೆಲಸವಂತೆ! ನಾನಾಗಿದ್ದರೆ ಆ ಕ್ಷಣವೇ ಎದ್ದುಬಿಡುತ್ತಿದ್ದೆ."

ಗುರುಗಳು ಕಣ್ಣ ಮೇಲೆ ಇಲ್ಲದ ಕನ್ನಡಕವನ್ನು ಸರಿಮಾಡಿಕೊಂಡರು.

"ಕರಿಬಸಪ್ಪನವರೇ, ಹುಣ್ಣು ತೋರಿಸಿ."