ಕಂಡಿಯಲ್ಲಿ ಮಲಗಿದ ನಾಯಿ

"ಗುರುಗಳೇ, ಕಲಿಸಿದ ಪಾಠವನ್ನು ದೇಹ ಇಷ್ಟು ಬೇಗ ಮರೆಯುವುದಾದರೆ ಲಸಿಕೆ ಯಾತಕ್ಕೆ?" ಎಂದು ಶಾಲ್ಮಲಾ ಕೇಳಿದಳು.

ಉಸಿರಿನ ದಾರಿಯಲ್ಲಿ ಬರುವ ಜ್ವರವೊಂದಕ್ಕೆ ಅವಳು ಮೂಗಿನೊಳಗೆ ಸಿಂಪಡಿಸುವ ಲಸಿಕೆ ಸಿದ್ಧಪಡಿಸುತ್ತಿದ್ದಳು. ಲಸಿಕೆ ಪಡೆದವರ ರಕ್ತದಲ್ಲಿ ವೈರಸ್ಸನ್ನು ತಡೆಯುವ ಪ್ರತಿಕಾಯಗಳು ಮೊದಮೊದಲು ಧಾರಾಳವಾಗಿದ್ದವು. ಈಗ ಹುಡುಕಿದರೂ ಸಿಗುತ್ತಿರಲಿಲ್ಲ. ಮರುದಿನವೇ ಪ್ರಯೋಗವನ್ನು ಕೈಬಿಡುವುದೆಂದು ಅವಳು ತೀರ್ಮಾನಿಸಿದ್ದಳು.

ಗುರುಗಳಿಗೆ ನಗು ಬಂತು. "ಕೈಬಿಡುವುದು ಹೇಗೂ ನಾಳೆ ತಾನೆ? ಇವತ್ತು ಒಂದು ಕತೆ ಕೇಳು" ಎಂದರು.

ಒಬ್ಬ ಕುರಿಗಾಹಿ ಇದ್ದ. ಅವನ ಮುದಿ ನಾಯಿ ಸತ್ತಿತು. ಉಳಿದವು ಮೂರು ಮರಿಗಳು. ಅವು ತೋಳವನ್ನು ಕಂಡೇ ಇರಲಿಲ್ಲ. ತೋಳವೇ ಬಂದು ಕಲಿಸಲಿ ಎಂದು ಬಿಟ್ಟರೆ ಕುರಿಯೂ ಉಳಿಯುವುದಿಲ್ಲ, ಮರಿಯೂ ಉಳಿಯುವುದಿಲ್ಲ.

ಆಗ ಊರಿಗೆ ಹಗಲುವೇಷದವನೊಬ್ಬ ಬಂದಿದ್ದ. ದಿನಕ್ಕೊಂದು ವೇಷ ಹಾಕಿ ಮನೆಮನೆಯ ಮುಂದೆ ಕುಣಿಯುವುದು ಅವನ ಕಸುಬು. ಕುರಿಗಾಹಿ ಅವನ ಕೈಗೆ ತೋಳದ ಹಳೆಯ ಚರ್ಮವೊಂದನ್ನು ಕೊಟ್ಟ. ಅವನು ಅದನ್ನು ಹೊದ್ದು ಬಾಗಿಲಿನಿಂದ ಬರಲಿಲ್ಲ. ತೋಳ ಬರುವ ದಾರಿ ಯಾವುದೆಂದು ಕೇಳಿಕೊಂಡು, ದೊಡ್ಡಿಯ ಮುಳ್ಳುಬೇಲಿಯ ಕಂಡಿಯಲ್ಲೇ ನುಸುಳಿ ಬಂದ. ಮರಿಗಳು ಮೊದಲು ಹೆದರಿ ಒಂದರ ಮೇಲೊಂದು ಬಿದ್ದವು. ಆಮೇಲೆ ಚರ್ಮದ ವಾಸನೆ ಹಿಡಿದು ಎಗರಿದವು. ಅವನ ಧೋತರ ಮೂರು ಪಾಲಾಯಿತು. ತೋಳ ಎರಡು ಕಾಲಿನ ಮೇಲೆ ಎದ್ದು ಊರ ಕಡೆ ಓಡಿತು. ನೋಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದೆ ಕೆಲವು ದಿನ ಮರಿಗಳು ಕಂಡಕಂಡದ್ದಕ್ಕೆಲ್ಲ ಬೊಗಳಿದವು. ಒಣಹಾಕಿದ ಕಂಬಳಿಯನ್ನೂ ಬಿಡಲಿಲ್ಲ. ಕುರಿಗಾಹಿಗೆ ಹಿಗ್ಗೋ ಹಿಗ್ಗು. ಬರಬರುತ್ತ ಬೊಗಳುವುದು ಕಡಿಮೆಯಾಗಿ ನಿಂತೇಹೋಯಿತು. ಎರಡು ಅತ್ತಿತ್ತ ಅಲೆಯತೊಡಗಿದವು. ಒಂದು ಸದಾ ಬೇಲಿಯ ಕಂಡಿಯಲ್ಲಿ ಮಲಗಿರುತ್ತಿತ್ತು. ಕುರಿಗಾಹಿಯ ಎದೆ ಕುಸಿಯಿತು. ಮೂರನ್ನೂ ಯಾರಿಗಾದರೂ ಕೊಟ್ಟುಬಿಡುವುದೆಂದು ಹಗ್ಗ ಹಿಡಿದು ನಿಂತಿದ್ದಾಗ ಹಗಲುವೇಷದವನು ಆ ದಾರಿಯಲ್ಲಿ ಬಂದ.

"ನೀ ಕಲಿಸಿದ್ದೆಲ್ಲಾ ಮರತುಬಿಟ್ಟಾವಪಾ" ಎಂದ ಕುರಿಗಾಹಿ. "ಒಂದರೆ ಬೊಗಳತೈತೇನ ನೋಡು. ಬರೇ ಮಕ್ಕೊಂತಾವ."

"ದಿನಾ ಬೊಗಳಿದ್ರ ನೀ ಯಾವಾಗ ಮಕ್ಕೊಂತಿದ್ದಿ ಮಾರಾಯಾ? ಹಗ್ಗ ಇಳಸು. ಅದು ಎಲ್ಲಿ ಮಕ್ಕೊಂಡೈತಿ, ಅಷ್ಟ ನೋಡು."

ಕುರಿಗಾಹಿ ಅರೆಮನಸ್ಸಿನಿಂದಲೇ ಹಗ್ಗ ಕೆಳಗಿಟ್ಟ.

ಮರುದಿನ ಬೆಳಕು ಹರಿಯುವಾಗ ನಿಜವಾದ ತೋಳ ಬಂತು. ಕಂಡಿಯೊಳಗೆ ಮೂತಿ ತೂರಿಸಿತು, ಅಷ್ಟೇ. ಮಲಗಿದ್ದ ನಾಯಿ ಎದ್ದದ್ದೇ ಬೊಗಳಿತು. ಮರುಗಳಿಗೆಯಲ್ಲಿ ಉಳಿದೆರಡೂ ಅಲ್ಲಿದ್ದವು. ಈ ಸಲ ಯಾವುದೂ ಹೆದರಿ ಬೀಳಲಿಲ್ಲ. ತೋಳ ಬಂದ ದಾರಿಯಲ್ಲೇ ಓಡಿತು. ಒಂದು ಕುರಿಯೂ ಹೋಗಲಿಲ್ಲ. ಕುರಿಗಾಹಿ ಮೂರು ನಾಯಿಗಳನ್ನೂ ತಬ್ಬಿಕೊಂಡು ಅತ್ತ, ನಕ್ಕ, ಮತ್ತೆ ಅತ್ತ. ಹಗಲುವೇಷದವನಿಗೆ ಅಂದೇ ಹೊಸ ಧೋತರ ಬಂತು.

ಕತೆ ನಿಂತಿತು. "ಆದರೆ ಗುರುಗಳೇ, ರಕ್ತದಲ್ಲಿ ಏನೂ ಇಲ್ಲವಲ್ಲ..." ಎಂದಳು ಶಾಲ್ಮಲಾ.

"ರಕ್ತದಲ್ಲಿ ಬೊಗಳುವುದು ನಿಂತದ್ದನ್ನು ನೀನು ಕೇಳಿಸಿಕೊಂಡೆ, ಸರಿ. ಉಸಿರಿನ ದಾರಿಯಲ್ಲಿ, ಪಾಠವನ್ನು ನೆನಪಿಟ್ಟ ಜೀವಕೋಶಗಳು ಕಂಡಿಯ ನಾಯಿಯಂತೆ ಮಲಗಿವೆಯೋ ಎಂದು ಬಗ್ಗಿ ನೋಡಿದೆಯಾ?"